ಸೇಂಟ್ ಲೂಯಿಸ್ ನಗರದ ನದೀತೀರ

ಅಮೇರಿಕಾ ದೇಶಕ್ಕೆ ಹೋಗಿಬಂದವರು ನ್ಯೂಯಾರ್ಕಿನ ಗಗನಚುಂಬಿ ಸೌಧಗಳನ್ನೂ ನಯಾಗರದ ಜಲಪಾತವನ್ನೂ ವರ್ಣಿಸುವುದು ವಾಡಿಕೆ. ಅವುಗಳನ್ನು ಕುರಿತು ವಾಚಕರು ಬೇಕಾದಷ್ಟು ಓದಿರುವರು. ನಾನು ಈಗ ಹೇಳಹೊರಟಿರುವುದು ಆ ದೇಶದ ನಡುಭಾಗದಲ್ಲಿ, ಮಿಸ್ಸೂರಿ ಸಂಸ್ಥಾನದ ಸೇಂಟ್ ಲೂಯಿಸ್ ಎಂಬ ನಗರದಲ್ಲಿ, ಮಿಸಿಸಿಪ್ಪಿ ಮಹಾನದಿಯ ಪಶ್ಚಿಮ ದಡದ ಮೇಲಿರುವ ೯೧ ಎಕರೆ ನೆಲದ ಸಂಗತಿಯನ್ನು. ನನ್ನ ಮಗಳೂ ಅಳಿಯನೂ ಉದ್ಯೋಗನಿಮಿತ್ತವಾಗಿ ಆ ಊರಿನಲ್ಲಿ ನೆಲೆಸಿರುವುದರಿಂದ ಒಂದು ವಸಂತಋತುವನ್ನು ಅಲ್ಲಿ ಕಳೆಯುವ ಅವಕಾಶ ನನಗೆ ದೊರೆಯಿತು. ಮನೆಯ ಮುಂದಿನ ಅಂಗಳ ಹಾಳುಬಿದ್ದಿತೆಂದು ಅದನ್ನು ಬಲವಂತನಾದ ನಂಟನಿಗೆ ಒಪ್ಪಿಸಿ, ಆಮೇಲೆ ಅಲ್ಲಿ ಮಂಚ ಹಾಕಿಕೊಳ್ಳುವುದಕ್ಕೂ ಅವನ ಅಪ್ಪಣೆ ಕೇಳಬೇಕಾಗಿ ಬಂದ ಗೃಹಸ್ಥರ ಕಥೆಗಳು ನಮ್ಮ ಊರುಗಳಲ್ಲಿ ಇಲ್ಲದಿಲ್ಲ. ಒಂದು ನಗರವೇ ಹಾಗೆ ಮಾಡಿತೆಂಬುದನ್ನೂ, ಆಮೇಲೆ ಅದು ತನ್ನ ಅಂಗಳದೊಡನೆ ಮತ್ತೆ ಹೇಗೆ ಬಾಂಧವ್ಯವನ್ನು ಕಟ್ಟಿಕೊಂಡಿತೆಂಬುದನ್ನೂ ಅಲ್ಲಿ ಕಂಡು ಕೇಳಿ ತಿಳಿದೆನು. ಗೃಹಸ್ಥರಾದ ವಾಚಕರಿಗೆ ಇದು ರುಚಿಸೀತೆಂದು ನಂಬಿ ಬರೆಯುತ್ತಿರುವೆನು.

ಮೊದಲು ಸ್ಥಳದ ಪರಿಚಯ. ವಾಯವ್ಯದಿಂದ ಹರಿದುಬರುವ ಮಿಸ್ಸೂರಿ ನದಿಯು ಉತ್ತರದಿಂದ ಬರುವ ಮಿಸಿಸಿಪ್ಪಿಯನ್ನು ಈ ನಗರದ ಸ್ವಲ್ಪ ಮೇಲ್ಗಡೆ ಕೂಡಿಕೊಳ್ಳುವುದು. ನಮ್ಮ ದೇಶದಲ್ಲಾಗಿದ್ದರೆ ಇಂಥ ಸಂಗಮದಲ್ಲಿ ಒಂದು ದೇವಾಲಯವೂ ಸ್ನಾನಘಟ್ಟವೂ ಇಲ್ಲದೆ ಇರುತ್ತಿರಲಿಲ್ಲ. ಅಲ್ಲಿ ನೀರಿಗೆ ಇಳಿಯುವವರೇ ಇಲ್ಲ. ನೀರು ಕೆಂಗಂದು ಬಣ್ಣದ್ದು, ಸೆಳವು ಬಲವಾದುದು, ಹತ್ತಾರು ಸರಕುದೋಣಿಗಳನ್ನು ಒಂದಕ್ಕೊಂದು ಬಿಗಿದು ಹಿಂದಿನಿಂದ ತಳ್ಳಿಕೊಂಡು ಹೋಗುವ ಯಂತ್ರದ ಹಡಗುಗಳು ಹಗಲಿರುಳೂ ಸಂಚರಿಸುತ್ತಿರುವುವು. ದಡದಿಂದ ನೀರಿನವರೆಗೆ ಇಳಿಜಾರಾಗಿ ದಪ್ಪ ಕಲ್ಲುಗಳನ್ನು ಹಾಸಿದೆ. ಹಿಂದಿನ ಕಾಲದ ಉಗಿಹಡಗುಗಳು ಈ ಕಲ್ಲುಹಾಸಿಗೇ ಮೂತಿ ತಗುಲಿಸಿ ನಿಂತು ಸರಕನ್ನು ಇಳಿಸುತ್ತಿದ್ದುವಂತೆ. ಕಲ್ಲುಹಾಸಿನ ಮೇಲೆ ಒಂದು ರಸ್ತೆ. ರಸ್ತೆಯಿಂದ ವಿಶಾಲವಾದ ಸೋಪಾನಪಂಕ್ತಿ. ಅದರ ಮೇಲೆ ಹಸುರು ಹುಲ್ಲಿನ ದೊಡ್ಡ ಬಯಲು. ಆ ಬಯಲಿನ ನಡುವೆ ೬೩೦ ಅಡಿ ಎತ್ತರವಾಗಿ, ಬುಡದಲ್ಲಿ ಅಷ್ಟೇ ಅಗಲವಾಗಿ, ತುಕ್ಕು ಹಿಡಿಯದ ಉಕ್ಕಿನಿಂದ ಹೊಳೆಯುವ ಒಂದು ಮಹಾತೋರಣ. ಇದಕ್ಕೆ ‘ಗೇಟ್‌ವೇ ಆರ್ಚ್’ ಎಂದು ಹೆಸರು. ಹೆಬ್ಬಾಗಿಲಿನ ಕಮಾನು ಎಂದು ನಾವು ಹೇಳಬಹುದು.

ಈ ಹುಲ್ಲಿನ ಬಯಲೇ ಮೂಲದ ಊರು. ೧೭೬೪ರಲ್ಲಿ ಪಿಯೆರ್ ಲಾಕ್ಲೇಡ್ ಎಂಬ ಫ್ರೆಂಚ್ ವರ್ತಕನೂ, ಇನ್ನೂ ಬಾಲಕನಾಗಿದ್ದ ಆಗುಸ್ತ್ ಶೂಟೋ ಎಂಬ ಅವನ ಸಹಾಯಕನೂ ತುಪ್ಪಳದ ವ್ಯಾಪಾರಕ್ಕಾಗಿ ಇಲ್ಲಿ ಊರು ಕಟ್ಟಿದರು. ೧೮೦೩ರಲ್ಲಿ ಅಧ್ಯಕ್ಷ ಜೆಫರ್ಸನ್ನನು ಈ ಸೀಮೆಯನ್ನೆಲ್ಲ ಫ್ರಾನ್ಸ್ ದೇಶದಿಂದ ಕ್ರಯಕ್ಕೆ ಕೊಂಡನು. ಅಲ್ಲಿಂದ ಮುಂದೆ ಪಶ್ಚಿಮದ ಕಡೆಗೆ ಹೊಸ ಬಾಳನ್ನು ಅರಸುತ್ತ ಹೊರಟ ಜನರು ಬೇಕಾದ ಸಾಮಾನುಗಳನ್ನು ಇಲ್ಲಿಯೇ ಕೊಂಡುಕೊಳ್ಳುತ್ತಿದ್ದರು. ೧೮೪೯ರ ಮೇ ತಿಂಗಳಿನಲ್ಲಿ ದಡದಲ್ಲಿದ್ದ ಒಂದು ಉಗಿಹಡಗಿಗೆ ಬೆಂಕಿ ಹತ್ತಿ, ಅದು ಹಡಗಿನಿಂದ ಹಡಗಿಗೆ, ಹಡಗಿನಿಂದ ಮಳಿಗೆಗಳಿಗೆ ಹಬ್ಬಿ, ೨೩ ಹಡಗುಗಳನ್ನೂ ನಾಲ್ಕು ನೂರಕ್ಕೆ ಮೇಲ್ಪಟ್ಟ ಕಟ್ಟಡಗಳನ್ನೂ ಬೂದಿಮಾಡಿತು. ಅದೇ ವರ್ಷ ವಾಂತಿಭೇದಿಯ ಬೇನೆಯೂ ಊರನ್ನು ಹೊಕ್ಕಿತು. ಆದರೂ ಜನರು ಎದೆಗುಂದದೆ ಬೀದಿಗಳನ್ನು ಮತ್ತೆ ಕಟ್ಟಿದರು. ಈ ಸಾರಿ ಮಳಿಗೆಗಳ ಮುಂಭಾಗಕ್ಕೆ ಎರಕದ ಕಬ್ಬಿಣವನ್ನು ಹೆಚ್ಚಾಗಿ ಬಳಸಿದರು.

ಬೆಂಕಿ ಮಾಡಲಾರದುದನ್ನು ರೈಲು ಮಾಡಿತು. ೧೮೭೪ರಲ್ಲಿ ಜೇಮ್ಸ್ ಈಡ್ಸ್ ಎಂಬ ಯಂತ್ರಶಿಲ್ಪಿಯು ಕಟ್ಟಿದ ಉಕ್ಕಿನ ಸೇತುವೆಯು ಸಂಚಾರಕ್ಕೆ ತೆರೆಯಿತು. ಅದು ಇಂದಿಗೂ ಗಟ್ಟಿಯಾಗಿ ನಿಂತಿದೆ. ಹಡಗಿನ ವ್ಯಾಪಾರ ಕುಗ್ಗಿ, ಪೇಟೆಯು ನದಿಯನ್ನು ಬಿಟ್ಟು ಪಶ್ಚಿಮಕ್ಕೆ ಸರಿಯಿತು. ದಡದ ಉದ್ದಕ್ಕೂ ಕಂಬಗಳ ಮೇಲೆ ರೈಲು ಹಳಿಗಳು ಬಂದುವು. ಊರು ಹುಟ್ಟಿದ ಸ್ಥಳವೇ ಊರಿನ ಹಿತ್ತಲಾಯಿತು.

೧೯೩೩ರ ಕೊನೆಯಲ್ಲಿ, ದೇಶದಲ್ಲೆಲ್ಲ ನಿರುದ್ಯೋಗವು ಹಬ್ಬಿದ್ದ ಕಾಲದಲ್ಲಿ, ಲೂಥರ್ ಈಲಿ ಸ್ಮಿತ್ ಎಂಬ ವಕೀಲರಿಗೆ ಈ ದಡದಲ್ಲಿ ಜೆಫರ್ಸನ್ನನಿಗೂ ಪಶ್ಚಿಮಕ್ಕೆ ಹೊರಟ ಜನರಿಗೂ ಒಂದು ಸ್ಮಾರಕವನ್ನು ನಿರ್ಮಿಸಬೇಕೆಂಬ ಯೋಚನೆ ಹೊಳೆಯಿತು. ಆಗಿನ ಮೇಯರ್ ಬರ್ನಾರ್ಡ್ ಡಿಕ್‌ಮನ್ ಅದನ್ನು ಕೈಗೆತ್ತಿಕೊಂಡರು. ಊರಿನ ಬೊಕ್ಕಸದಲ್ಲಿ ಅಷ್ಟು ಹಣವಿಲ್ಲ. ಕೇಂದ್ರ ಸರ್ಕಾರದ ಬಳಿ ಕೆಲಸ ಒದಗಿಸುವುದಕ್ಕೆಂದು ತೆಗೆದಿಟ್ಟ ಹಣವುಂಟು. ಹೀಗೆ ಒಂದು ಒಪ್ಪಂದವು ರೂಪುಗೊಂಡಿತು: ಊರು ಒಂದು ಪಾಲು ಹಣ ಹಾಕತಕ್ಕದ್ದು, ಕೇಂದ್ರವು ಮೂರು ಪಾಲು ಹಾಕತಕ್ಕದ್ದು, ನೆಲವು ಮಾತ್ರ ಕೇಂದ್ರದ ರಾಷ್ಟ್ರೀಯ ಉದ್ಯಾನ ಇಲಾಖೆಯ ಸ್ವತ್ತಾಗತಕ್ಕದ್ದು. ನಮ್ಮಲ್ಲಿ ಪ್ರಾಚೀನ ಸ್ಮಾರಕಗಳನ್ನು ಪುರಾತತ್ತ್ವ ಇಲಾಖೆಯೂ ಅಭಯಾರಣ್ಯಗಳನ್ನು ಅರಣ್ಯ ಇಲಾಖೆಯೂ ನೋಡಿಕೊಳ್ಳುವುವಷ್ಟೆ; ಆ ಎರಡು ಬಗೆಯ ಕೆಲಸವನ್ನೂ ಕೂಡಿ ಮಾಡುವುದಕ್ಕಾಗಿ ಅಲ್ಲಿ ೧೯೧೬ರಲ್ಲಿ ಸ್ಥಾಪಿತವಾದ ಇಲಾಖೆ ಇದು.

ಊರಿನ ಪಾಲಿಗಾಗಿ ೭೫ ಲಕ್ಷ ಡಾಲರುಗಳವರೆಗೆ ಸಾಲಪತ್ರಗಳನ್ನು ಹೊರಡಿಸುವ ವಿಷಯದಲ್ಲಿ ೧೯೩೫ರ ಸೆಪ್ಟೆಂಬರ್ ೧೦ರಂದು ಪೌರರ ಮತವನ್ನು ಕೇಳಲಾಯಿತು. ಮೂರರಲ್ಲಿ ಎರಡು ಪಾಲು ಜನರ ಒಪ್ಪಿಗೆ ಬೇಕಾಗಿದ್ದಿತು. ಅದಕ್ಕಿಂತ ಹೆಚ್ಚಾಗಿಯೇ ದೊರೆಯಿತು. ಆ ಮತಗಳಲ್ಲಿ ಸುಳ್ಳು ಮತಗಳು ಬಹಳ ಸೇರಿದ್ದುವೆಂದು ಊರಿನ ‘ಪೋಸ್ಟ್-ಡಿಸ್ಪ್ಯಾಚ್’ ಎಂಬ ಪತ್ರಿಕೆಯು ಮರುವರ್ಷ ಬಯಲಿಗೆಳೆಯಿತು. ಆದರೆ ಅಷ್ಟರಲ್ಲಿ, ೧೯೩೫ರ ಡಿಸೆಂಬರ್ ೨೧ರಂದು, ಅಧ್ಯಕ್ಷ ರೂಸ್‌ವೆಲ್ಟರು ಆಜ್ಞಾಪತ್ರಕ್ಕೆ ಸಹಿಮಾಡಿ ಆಗಿದ್ದಿತು. ಮೊದಲ ಕಂತಾಗಿ ಕೇಂದ್ರವು ೬೭.೫ ಲಕ್ಷವನ್ನೂ ಊರು ೨೨.೫ ಲಕ್ಷವನ್ನೂ ಒದಗಿಸಿದುವು. ನೆಲದ ಒಡೆಯರು ನ್ಯಾಯಸ್ಥಾನದ ಮೆಟ್ಟಿಲು ಹತ್ತಿದರು, ಗೆಲ್ಲಲಿಲ್ಲ.

೧೯೩೯ರ ಅಕ್ಟೋಬರ್ ತಿಂಗಳಿನಲ್ಲಿ ಕೆಡಹುವ ಕೆಲಸ ಮೊದಲಾಯಿತು. ೧೯೪೨ರ ಹೊತ್ತಿಗೆ ಸುಮಾರು ೪೦ ಚೌಕಗಳಷ್ಟು ಬೀದಿಗಳು ನೆಲಸಮವಾದುವು. ಅಲ್ಲಿ ಹಾಳುಬಿದ್ದ ಮಳಿಗೆಗಳು ಇದ್ದುದು ನಿಜ. ಆದರೆ ನೂರಾರು ವ್ಯಾಪಾರಗಳೂ ನಡೆಯುತ್ತಿದ್ದುವು, ಮುದ್ರಣಾಲಯಗಳಿದ್ದುವು, ತುಪ್ಪಳದ ಕೋಠಿಗಳಿದ್ದುವು, ಬಾಡಿಗೆಯ ಕೋಣೆಗಳಲ್ಲಿ ಬಡವರಿದ್ದರು. ಪಶ್ಚಿಮದ ಪ್ರಯಾಣವನ್ನು ಸ್ಮರಿಸುವುದಕ್ಕಾಗಿ, ಆ ಪ್ರಯಾಣಿಕರು ಬುತ್ತಿ ಕಟ್ಟಿಕೊಂಡ ಬೀದಿಗಳನ್ನೇ ಅಳಿಸಿಬಿಟ್ಟರು. ೧೮೩೪ರಲ್ಲಿ ಕಟ್ಟಿದ ಹಳೆಯ ಇಗರ್ಜಿಯೊಂದು ಉಳಿಯಿತು. ಬಯಲಿನ ಪಶ್ಚಿಮಕ್ಕಿರುವ ಹಳೆಯ ನ್ಯಾಯಸ್ಥಾನವೂ ಉಳಿದು, ೧೯೪೦ರಲ್ಲಿ ಕೇಂದ್ರದ ಕೈಸೇರಿತು. ಡ್ರೆಡ್ ಸ್ಕಾಟ್ ಎಂಬ ಗುಲಾಮನೂ ಅವನ ಹೆಂಡತಿ ಹ್ಯಾರಿಯೆಟ್ಟಳೂ ತಮ್ಮ ಬಿಡುಗಡೆಗಾಗಿ ದಾವಾ ಹೂಡಿ, ೧೮೫೦ರಲ್ಲಿ ಗೆದ್ದು, ಆಮೇಲೆ ಮೇಲಿನ ನ್ಯಾಯಸ್ಥಾನಗಳಲ್ಲಿ ಸೋತ ಮೊಕದ್ದಮೆಯು ಮೊದಲಾದುದು ಈ ಕಟ್ಟಡದಲ್ಲಿಯೇ. ೧೮೧೮ರ ಒಂದು ಕಲ್ಲಿನ ಕೋಠಿಯು ಕೆಲವು ಕಾಲ ಉಳಿದಿದ್ದು, ರೈಲುಹಳಿಯನ್ನು ಸರಿಸುವ ಕಾಮಗಾರಿಗಾಗಿ ೧೯೫೯ರಲ್ಲಿ ಅದನ್ನೂ ಬಿಚ್ಚಿದರು.

ಕೆಡಹುವುದಕ್ಕಿದ್ದ ಅವಸರ ಕಟ್ಟುವುದಕ್ಕೆ ಇರಲಿಲ್ಲ. ಯುದ್ಧ ಬಂದಿತು, ಹಣ ನಿಂತಿತು, ಊರಿನ ಮೂಲಸ್ಥಾನವು ಮೋಟಾರುಗಾಡಿಗಳನ್ನು ನಿಲ್ಲಿಸುವ ಬಯಲಾಗಿ ವರ್ಷಗಳನ್ನು ಕಳೆಯಿತು. ಒಂದು ಮಧ್ಯಾಹ್ನ ಆ ಬಯಲಿನ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ತಾವಾಗಿಯೇ ಮಾತಿಗೆ ತೊಡಗಿದರು. ಅವರ ತಂದೆಯು ಅಲ್ಲಿಯ ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಕೆಲಸದಲ್ಲಿದ್ದವರಂತೆ. “ನನ್ನ ತಂದೆ ಈ ಹುಲ್ಲನ್ನು ತುಳಿಯುವಾಗಲೆಲ್ಲ ಬೀದಿಯ ಹೆಸರನ್ನು ಹೇಳಿಕೊಂಡೇ ನಡೆಯುತ್ತಿದ್ದರು. ನನಗೆ ಆ ಹೆಸರುಗಳು ಮಾತ್ರ ಬಂದಿವೆ, ಬೀದಿಗಳು ಬರಲಿಲ್ಲ” ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಎದುರಿಗಿದ್ದ ತೋರಣವನ್ನು ತೋರಿಸಿ, “ಇದು ಸುಂದರವಾಗಿದೆ, ಅಲ್ಲವೆ?” ಎಂದು ಅವರೇ ಕೇಳಿದರು.

ಸುಂದರವೆಂಬುದರಲ್ಲಿ ಸಂದೇಹವಿಲ್ಲ. ೧೯೪೭ರಲ್ಲಿ ಸ್ಮಿತ್ ಮೊದಲಾದವರು ಚಂದಾ ಎತ್ತಿ ನಡೆಸಿದ ಸ್ಪರ್ಧೆಯಲ್ಲಿ ಈರೋ ಸಾರಿನೆನ್ ಎಂಬ ಶಿಲ್ಪಿಯ ಈ ಕಲ್ಪನೆಯು ೧೯೪೮ರ ಫೆಬ್ರವರಿಯಲ್ಲಿ ಗೆದ್ದಿತು. ಒಂದು ಸರಪಳಿಯ ಎರಡು ತುದಿಗಳನ್ನು ಹಿಡಿದು ತೂಗಬಿಟ್ಟರೆ ಅದು ಯಾವ ಬಾಗನ್ನು ತಾಳುವುದೋ ಅದನ್ನು ತಲೆಕೆಳಗುಮಾಡಿದಂತೆ ಈ ತೋರಣದ ಆಕಾರ. ಸ್ಮಿತ್ ೧೯೫೧ರಲ್ಲಿ ತೀರಿಕೊಂಡರು. ಸಾರಿನೆನ್ ೧೯೬೧ರಲ್ಲಿ ತೀರಿಕೊಂಡನು. ಎಣಿಸಿದವರೊಬ್ಬರೂ ರೂಪಿಸಿದವರೊಬ್ಬರೂ ನೋಡದ ಈ ತೋರಣವು ೧೯೬೩ರಲ್ಲಿ ಮೇಲೇಳತೊಡಗಿ, ೧೯೬೫ರ ಅಕ್ಟೋಬರ್ ೨೮ರಂದು ನೆತ್ತಿಯ ಕೊನೆಯ ತುಂಡಿನಿಂದ ಪೂರ್ಣವಾಯಿತು. ಅಷ್ಟು ಎತ್ತರದ ಕೆಲಸದಲ್ಲಿ ಒಬ್ಬ ಕೂಲಿಯವನೂ ಪ್ರಾಣ ಕಳೆದುಕೊಳ್ಳಲಿಲ್ಲವೆಂಬುದನ್ನು ಊರಿನವರು ಹೆಮ್ಮೆಯಿಂದ ಹೇಳುವರು. ಅದರೊಡನೆ ಇದನ್ನೂ ಹೇಳಬೇಕು: ೧೯೬೪ರ ಜುಲೈ ೧೪ರಂದು ಪರ್ಸಿ ಗ್ರೀನ್ ಎಂಬ ಕರಿಯ ಜನಾಂಗದ ತರುಣನು ಒಬ್ಬ ಬಿಳಿಯ ಸ್ನೇಹಿತನೊಡನೆ ಅರ್ಧ ಕಟ್ಟಿದ ತೋರಣದ ಕಾಲನ್ನು ಏರಿ, ಸರ್ಕಾರದ ಹಣದಿಂದ ನಡೆಯುವ ಈ ಕೆಲಸದಲ್ಲಿ ತನ್ನವರಿಗೆ ಕುಶಲಕೆಲಸಗಳು ಸಿಕ್ಕುತ್ತಿಲ್ಲವೆಂದು ಪ್ರತಿಭಟಿಸಿದನು.

ತೋರಣದ ಒಳಗೆ ಟೊಳ್ಳಾಗಿದೆ. ಐವರು ಮೈ ಮುದುಡಿ ಕೂರಬಹುದಾದ ಗೂಡುಗಳ ಸಾಲು ಅದರ ಕಾಲಿನೊಳಗೆ ಏರಿಹೋಗುವುದು. ನಾನೂ ಮೊಮ್ಮಗಳೊಡನೆ ಏರಿದೆನು. ಮೇಲಿನ ಚಿಕ್ಕ ಕಿಂಡಿಗಳಿಂದ ಪೂರ್ವಕ್ಕೆ ನದಿಯೂ ಇಲಿನಾಯ್ ಸಂಸ್ಥಾನದ ದಡವೂ, ಪಶ್ಚಿಮಕ್ಕೆ ಇಡೀ ನಗರವೂ ಕಾಣುವುವು. ಅಳಿಯನು ಮೇಲಿನಿಂದಲೇ ಬೆರಳಿಟ್ಟು ತೋರಿಸುತ್ತ ಹೇಳಿದನು: “ಮಾವನವರೇ, ಈ ಹುಲ್ಲೆಲ್ಲ ಕೇಂದ್ರ ಸರ್ಕಾರದ್ದು. ಕೆಳಗಿನ ರಸ್ತೆ, ಕಲ್ಲುಹಾಸು ಊರಿನವು. ಈ ಇಗರ್ಜಿ ಅವರ ಮಠದ್ದು. ಆ ತಗ್ಗಿನ ಹೆದ್ದಾರಿ ಸಂಸ್ಥಾನದ್ದು. ನಾವು ಕೂತು ಬಂದ ಈ ಗೂಡುಬಂಡಿ ಇದೆಯಲ್ಲ, ಇದನ್ನು ನಡೆಸುವವರು ಮತ್ತೆ ಬೇರೆ.” ವಿಚಾರಿಸಿದಾಗ ಅದೆಲ್ಲ ನಿಜವೆಂದು ತಿಳಿಯಿತು. ಗೂಡುಬಂಡಿಗೆ ಕೇಂದ್ರದ ಹಣ ಸಾಲದಾದಾಗ, ಎರಡು ಸಂಸ್ಥಾನಗಳು ೧೯೪೯ರಲ್ಲಿ ಕೂಡಿ ಸ್ಥಾಪಿಸಿದ್ದ ಬೈ-ಸ್ಟೇಟ್ ಎಂಬ ಸ್ಥಳೀಯ ಸಂಸ್ಥೆಯು ಸಾಲವೆತ್ತಿ ಅದನ್ನು ಮಾಡಿಸಿತು. ೧೯೬೭ರಿಂದ ಅದೇ ನಡೆಸಿಕೊಂಡು ಬರುತ್ತಿದೆ. ಒಂದೇ ನೋಟದೊಳಗೆ ಅಡಗುವ ದಡಕ್ಕೆ ಇಷ್ಟು ಮಂದಿ ಒಡೆಯರು!

ಸಂಸ್ಕೃತದಲ್ಲಿ ‘ತಟಸ್ಥ’ ಎಂಬ ಮಾತಿದೆ. ದಡದಲ್ಲಿ ನಿಂತವನು ಎಂಬುದೇ ಅದರ ಮೂಲಾರ್ಥ. ಪ್ರವಾಹಕ್ಕೆ ಇಳಿಯದವನು, ಯಾವ ಪಕ್ಷಕ್ಕೂ ಸೇರದವನು ಎಂಬುದು ಬಳಕೆಯ ಅರ್ಥ. ಈ ಊರಿನಲ್ಲಿ ಮಾತ್ರ ದಡವನ್ನು ಕುರಿತು ತಟಸ್ಥನಾಗಿ ಉಳಿದವನು ದುರ್ಲಭ. ತೋರಣವನ್ನು ನೋಡುವುದಕ್ಕೆ ಲಕ್ಷಾಂತರ ಜನರು ದೂರದಿಂದ ಬರುತ್ತಿದ್ದರು, ನೋಡಿ ಹೊರಟುಹೋಗುತ್ತಿದ್ದರು. ಊರಿನವರು ಹೋಗುವುದು ಅಪರೂಪವಾಗಿದ್ದಿತು. ಊರಿಗೂ ಬಯಲಿಗೂ ನಡುವೆ ಹೆದ್ದಾರಿಯ ದೊಡ್ಡ ಕಂದಕ, ಅದನ್ನು ದಾಟಿದರೆ ಕೂತು ತಿನ್ನುವುದಕ್ಕೆ ಒಂದು ಅಂಗಡಿಯಿಲ್ಲ, ಸಂಜೆಯಾದರೆ ಜನವಿಲ್ಲ. ಸ್ಮಾರಕವನ್ನು ಕಾಯುವುದೇ ಇಲಾಖೆಯ ಧರ್ಮವಾದುದರಿಂದ ಶಿಲ್ಪಿಯ ನಕ್ಷೆಯಲ್ಲಿ ಇಲ್ಲದ ಯಾವುದನ್ನೂ ಅದು ಸುಲಭವಾಗಿ ಒಪ್ಪುತ್ತಿರಲಿಲ್ಲ. ಇತ್ತ ಊರು ಬಡಕಲಾಗುತ್ತ ಬಂದಿತು. ೧೯೫೦ರಲ್ಲಿ ೮,೫೬,೭೯೬ ಇದ್ದ ನಗರದ ಜನಸಂಖ್ಯೆಯು ೨೦೨೦ರ ಗಣತಿಯಲ್ಲಿ ೩,೦೧,೫೭೮ಕ್ಕೆ ಇಳಿದಿದ್ದಿತು. ಇಂಥ ಊರು ತನ್ನ ಮುಂದಿನ ಅಂಗಳವನ್ನು ನೋಡಿ, ‘ಇದು ನಮ್ಮ ಕೈಯಲ್ಲಿದ್ದಿದ್ದರೆ’ ಎಂದುಕೊಂಡುದು ಸಹಜವೇ.

ಆ ಮಾತನ್ನು ಬಹಿರಂಗವಾಗಿ ಆಡಿದವರು ಹಿಂದೆ ಕೇಂದ್ರದ ಸೆನೆಟ್ ಸಭೆಯಲ್ಲಿ ಸದಸ್ಯರಾಗಿದ್ದ ಜಾನ್ ಡ್ಯಾನ್‌ಫೋರ್ತ್ ಅವರು ಮತ್ತು ಆಗಿನ ಮೇಯರ್ ಫ್ರಾನ್ಸಿಸ್ ಸ್ಲೇ ಅವರು. ೨೦೦೭-೦೮ರ ಸುಮಾರಿಗೆ ಅವರು, ತೋರಣವು ಕೇಂದ್ರದಲ್ಲಿಯೇ ಇರಲಿ, ಸುತ್ತಣ ಬಯಲಿನ ಒಂದು ಭಾಗವನ್ನು ಮಾತ್ರ ಊರಿನ ಒಂದು ಧರ್ಮದರ್ಶಿ ಮಂಡಲಿಗೆ ಬಿಟ್ಟುಕೊಡಲಿ, ಅಲ್ಲಿ ವಸ್ತುಸಂಗ್ರಹಾಲಯವನ್ನೋ ಜನರು ಸೇರುವ ತಾಣವನ್ನೋ ಕಟ್ಟೋಣವೆಂದು ಕೇಳಿದರು. ಡ್ಯಾನ್‌ಫೋರ್ತ್ ಮನೆತನದ ಧರ್ಮನಿಧಿಯಿಂದ ದೊಡ್ಡ ಮೊತ್ತವನ್ನು ಕೊಡಿಸುವುದಕ್ಕೂ ಸಿದ್ಧರಿದ್ದರು. ಇಲಾಖೆಯು ಒಪ್ಪಲಿಲ್ಲ. ರಾಷ್ಟ್ರದ ಸ್ವತ್ತನ್ನು ಪರಭಾರೆ ಮಾಡುವುದಕ್ಕೆ ಕೇಂದ್ರದ ಶಾಸನಸಭೆಯ ಕಾನೂನು ಬೇಕು. ಅಲ್ಲದೆ ತೋರಣವೂ ಬಯಲೂ ಸೇರಿಯೇ ಒಂದು ಕೃತಿ, ಅದನ್ನು ತುಂಡುಮಾಡಲಾಗದು ಎಂಬುದು ಅದರ ವಾದ.

ಈ ಎರಡು ವಾದಗಳನ್ನೂ ನಾನು ಮನಸ್ಸಿನಲ್ಲಿ ತೂಗಿ ನೋಡಿದೆನು. ಊರಿನ ಪಕ್ಷದಲ್ಲಿ ಹೇಳತಕ್ಕುದು ಬಹಳವಿದೆ. ದೂರದ ರಾಜಧಾನಿಯಲ್ಲಿ ಕುಳಿತವನಿಗೆ ಈ ಬಯಲು ನೂರಾರು ಸ್ವತ್ತುಗಳಲ್ಲಿ ಒಂದು. ಊರಿನವನಿಗೆ ಇದು ಒಂದೇ ಒಂದು. ರಾಜಧಾನಿಯಲ್ಲಿ ಹಣದ ಮಸೂದೆಯ ಜಗಳವಾಗಿ ೨೦೧೩ರ ಅಕ್ಟೋಬರ್ ತಿಂಗಳಿನಲ್ಲಿ ಸರ್ಕಾರದ ಕೆಲಸಗಳು ನಿಂತಾಗ, ಸಾವಿರಾರು ಮೈಲಿ ದೂರದ ಉದ್ಯಾನಗಳೊಡನೆ ಈ ತೋರಣಕ್ಕೂ ಬೀಗ ಬಿದ್ದಿತು. ಊರಿನವರು ಆ ಜಗಳದಲ್ಲಿ ವಾದಿಗಳೂ ಅಲ್ಲ, ಪ್ರತಿವಾದಿಗಳೂ ಅಲ್ಲ.

ಇಲಾಖೆಯ ಪಕ್ಷವೂ ಹಗುರವಾದುದಲ್ಲ. ಊರಿನ ಒಡೆತನದಲ್ಲಿಯೇ ಉಳಿದ ಕಲ್ಲುಹಾಸಿನ ಗತಿಯನ್ನು ನೋಡಿರಿ. ಹಣದ ಮುಗ್ಗಟ್ಟಿನ ದಿನಗಳಲ್ಲಿ, ೧೯೯೪ರ ಮೇ ತಿಂಗಳಿನಿಂದ ೨೦೧೦ರವರೆಗೆ, ‘ಅಡ್ಮಿರಲ್’ ಎಂಬ ಹಳೆಯ ವಿಹಾರದ ಹಡಗಿನಲ್ಲಿ ಅಲ್ಲಿ ಜೂಜುಕಟ್ಟೆಯು ನಡೆಯಿತು. ಹಸಿದವನು ಒಡವೆಯನ್ನು ಮಾರುವನು. ಅದು ಅವನ ದುರ್ಗುಣವಲ್ಲ, ಹಸಿವಿನ ಗುಣ. ಬಯಲು ಊರಿನ ಕೈಯಲ್ಲಿ ಇದ್ದಿದ್ದರೆ ಆ ಇಳಿಗಾಲದ ವರ್ಷಗಳಲ್ಲಿ ಅದರಲ್ಲಿ ಎಷ್ಟು ಉಳಿಯುತ್ತಿದ್ದಿತೋ ಯಾರು ಬಲ್ಲರು? ದೂರದ ಕಾವಲುಗಾರನಿಗೆ ಮಮತೆ ಕಡಿಮೆಯಾದರೂ ಹಸಿವೂ ಕಡಿಮೆ.

ಕೊನೆಗೆ ಇಬ್ಬರೂ ಗೆಲ್ಲಲಿಲ್ಲ, ಇಬ್ಬರೂ ಸೋಲಲಿಲ್ಲ. ಇಲಾಖೆಯು ನೆಲವನ್ನು ಕೊಡಲಿಲ್ಲ. ಆದರೆ ೨೦೦೯ರಲ್ಲಿ ಹೊಸ ನಕ್ಷೆಗಾಗಿ ಸ್ಪರ್ಧೆಯನ್ನು ನಡೆಸುವುದಕ್ಕೆ ಒಪ್ಪಿತು. ೨೦೧೦ರಲ್ಲಿ ಮೈಕೆಲ್ ವಾನ್ ವಾಲ್ಕೆನ್‌ಬರ್ಗ್ ಎಂಬ ಉದ್ಯಾನಶಿಲ್ಪಿಯ ತಂಡವನ್ನು ಆರಿಸಿದರು. ಹಣವೆಲ್ಲಿಂದ? ೨೦೧೩ರ ಏಪ್ರಿಲ್ ೨ರಂದು ನಗರದ ಮತ್ತು ಸುತ್ತಣ ಸೇಂಟ್ ಲೂಯಿಸ್ ಜಿಲ್ಲೆಯ ಜನರು ಮತಕೊಟ್ಟು, ತಾವು ಕೊಳ್ಳುವ ಸಾಮಾನಿನ ಮೇಲೆ ಡಾಲರಿಗೆ ಒಂದು ಸೆಂಟಿನ ಹದಿನಾರರಲ್ಲಿ ಮೂರು ಪಾಲಿನಂತೆ ತೆರಿಗೆಯನ್ನು ತಾವೇ ಹೇರಿಕೊಂಡರು. ಅದರಲ್ಲಿ ಒಂದು ಅಂಶ ತೋರಣದ ಬಯಲಿಗೆ, ಉಳಿದುದು ಇತರ ಉದ್ಯಾನಗಳಿಗೆ. ಖಾಸಗಿಯಾಗಿ ದಾನ ಕೊಟ್ಟವರೂ ಅನೇಕರು. ಒಟ್ಟು ೩೮ ಕೋಟಿ ಡಾಲರುಗಳ ಕಾಮಗಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಥ ದಾನದಿಂದ ಬಂದುದು. ಹೆದ್ದಾರಿಯ ಕಂದಕದ ಮೇಲೆ ಹುಲ್ಲು ಹೊದಿಸಿದ ಸೇತುವೆಯನ್ನು ಹಾಸಿ, ಹಳೆಯ ನ್ಯಾಯಸ್ಥಾನದಿಂದ ತೋರಣಕ್ಕೆ ಮಗುವೂ ಭಯವಿಲ್ಲದೆ ನಡೆದುಹೋಗುವಂತೆ ಮಾಡಿದರು. ನೆಲದಡಿಯ ವಸ್ತುಸಂಗ್ರಹಾಲಯವನ್ನು ವಿಸ್ತರಿಸಿ ೨೦೧೮ರ ಜುಲೈ ೩ರಂದು ತೆರೆದರು. ೧೯೯೩ರ ಆಗಸ್ಟ್ ೧ರಂದು ೪೯.೫೮ ಅಡಿಯವರೆಗೆ ಏರಿ ಸೋಪಾನವನ್ನು ಮುಳುಗಿಸಿದ್ದ ನದಿಯನ್ನು ನೆನೆದು, ದಡದ ರಸ್ತೆಯನ್ನು ಹಿಂದಿಗಿಂತ ಎತ್ತರಿಸಿದರು. ಅದೇ ೨೦೧೮ರ ಫೆಬ್ರವರಿ ೨೨ರಂದು ಕೇಂದ್ರದ ಕಾನೂನಿನಿಂದ ಈ ಸ್ಥಳಕ್ಕೆ ‘ಗೇಟ್‌ವೇ ಆರ್ಚ್ ರಾಷ್ಟ್ರೀಯ ಉದ್ಯಾನ’ವೆಂದು ಹೊಸ ಹೆಸರಾಯಿತು.

ಎದುರು ದಡದ ಮಾತನ್ನೂ ಹೇಳದೆ ಬಿಡಲಾಗದು. ಇಲಿನಾಯ್ ಕಡೆಯ ಈಸ್ಟ್ ಸೇಂಟ್ ಲೂಯಿಸ್ ಎಂಬ ಬಡ ಊರಿನ ದಡವನ್ನೂ ಉದ್ಯಾನಕ್ಕೆ ಸೇರಿಸಿಕೊಳ್ಳುವುದಕ್ಕೆ ಕೇಂದ್ರದ ಶಾಸನಸಭೆಯು ೧೯೮೪ರಲ್ಲಿಯೇ ಅನುಮತಿ ಕೊಟ್ಟಿತು. ಇಲಾಖೆಯು ಬರುವುದಕ್ಕೆ ಮೊದಲೇ ಮಾಲ್ಕಂ ಮಾರ್ಟಿನ್ ಎಂಬ ವಕೀಲರು ತಮ್ಮ ಆಯುಷ್ಯವನ್ನೂ ಹಣವನ್ನೂ ಸವೆಸಿ ಅಲ್ಲಿ ಒಂದು ಉದ್ಯಾನಕ್ಕೆ ಅಡಿಪಾಯ ಹಾಕಿದರು. ಅದು ಇಂದು ಆ ಕಡೆಯ ಸ್ಥಳೀಯ ಉದ್ಯಾನಮಂಡಲಿಯ ಕೈಯಲ್ಲಿ ಇದೆ. ಅಲ್ಲಿಯ ದಿಬ್ಬವನ್ನು ಏರಿ, ಸೂರ್ಯನು ಪಶ್ಚಿಮಕ್ಕೆ ಇಳಿಯುವ ಹೊತ್ತಿನಲ್ಲಿ ನದಿಯ ಆಚೆಗಿನ ತೋರಣವನ್ನು ನಾವು ನೋಡಿದೆವು. ಉಕ್ಕಿನ ಮೈ ಮೊದಲು ಹೊಂಬಣ್ಣವಾಗಿ, ಆಮೇಲೆ ಬೂದಿಬಣ್ಣವಾಗಿ, ಕೊನೆಗೆ ಆಕಾಶದ ಮೇಲೆ ಎಳೆದ ಒಂದು ಗೆರೆಯಾಗಿ ಉಳಿಯಿತು. ರಾಷ್ಟ್ರದ ತೋರಣವು ಅತ್ಯಂತ ಚೆನ್ನಾಗಿ ಕಾಣುವುದು ರಾಷ್ಟ್ರದ ಸ್ವತ್ತಲ್ಲದ ದಡದಿಂದ!

ನಮ್ಮ ಹಿರಿಯರು ‘ಯೋಗಕ್ಷೇಮ’ ಎಂಬ ಮಾತನ್ನು ಬಿಡಿಸಿ, ಇಲ್ಲದುದನ್ನು ಪಡೆಯುವುದು ಯೋಗ, ಇರುವುದನ್ನು ಕಾಪಾಡುವುದು ಕ್ಷೇಮ ಎಂದು ಅರ್ಥ ಹೇಳುವರು. ಒಂದು ಸ್ಥಳದ ವಿಷಯದಲ್ಲಿಯೂ ಈ ಎರಡು ಕೆಲಸಗಳಿವೆ. ಕಾಯುವುದಕ್ಕೆ ದೂರದ ದೊಡ್ಡ ಅಧಿಕಾರವೇ ಒಳ್ಳೆಯದಾದೀತು. ಆದರೆ ಆ ಸ್ಥಳದಲ್ಲಿ ಜನರು ಸೇರುವಂತೆ, ಮಕ್ಕಳು ಓಡಾಡುವಂತೆ, ಮುದುಕರು ಕೂತು ಹಳೆಯ ಬೀದಿಗಳ ಹೆಸರನ್ನು ಹೇಳುವಂತೆ ಮಾಡುವುದು ಊರಿನವರಿಂದಲ್ಲದೆ ಆಗದು. ೧೯೩೫ರ ಜನರು ಎರಡನ್ನೂ ಒಟ್ಟಿಗೆ ಪರರಿಗೆ ಒಪ್ಪಿಸಿದರು. ಅದರಿಂದ ಕ್ಷೇಮವು ಉಳಿದು ಯೋಗವು ತಪ್ಪಿತು. ೨೦೧೩ರ ಜನರು ಪತ್ರವನ್ನು ಮರಳಿ ಕೇಳದೆ, ಭಾರದಲ್ಲಿ ಪಾಲನ್ನು ಕೇಳಿ ಪಡೆದರು. ಭಾರವನ್ನು ಹೊತ್ತವನಿಗೆ ಮಾತಿನ ಹಕ್ಕು ತಾನಾಗಿಯೇ ಬರುವುದು. ಇದರಿಂದ ೪೦ ಚೌಕಗಳ ಬೀದಿಗಳು ಮರಳಿ ಬರಲಿಲ್ಲ, ಬರುವಂತೆಯೂ ಇಲ್ಲ. ಅದು ಆ ಊರು ತೆತ್ತ ಬೆಲೆ. ಒಪ್ಪಿಸುವ ಮುನ್ನ ಇನ್ನಷ್ಟು ವಿಚಾರಮಾಡಬೇಕಾಗಿದ್ದಿತೆಂದು ಹೇಳುವುದಕ್ಕೆ ಈಗ ಯಾರೂ ಹಿಂಜರಿಯುವುದಿಲ್ಲ.

ನಾನು ಹೊರಡುವ ವಾರದಲ್ಲಿ ಮಗಳು ತಿಂಗಳ ಸಾಮಾನಿನ ರಶೀದಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಲೆಕ್ಕ ಬರೆಯುತ್ತಿದ್ದಳು. ಆ ಹದಿನಾರರಲ್ಲಿ ಮೂರು ಪಾಲು ಎಷ್ಟಾಗುವುದೆಂದು ಕೇಳಿದೆನು. ಅವಳು ಲೆಕ್ಕ ಹಾಕಿ, “ನೂರು ಡಾಲರಿಗೆ ಹತ್ತೊಂಬತ್ತು ಸೆಂಟು ಅಂದುಕೊಳ್ಳಿ, ಅಪ್ಪ. ಕೊಡುತ್ತಿರುವುದು ತಿಳಿಯುವುದೇ ಇಲ್ಲ” ಎಂದಳು. ಪಕ್ಕದಲ್ಲಿ ಬಣ್ಣ ಹಚ್ಚುತ್ತಿದ್ದ ಮೊಮ್ಮಗಳು, “ತಾತ, ಹಾಗಾದರೆ ಆರ್ಚಿನಲ್ಲಿ ನಮ್ಮದೂ ಸ್ವಲ್ಪ ಇದೆಯೆ?” ಎಂದು ಕೇಳಿದಳು. ಇದೆಯೆಂದೂ, ಆದುದರಿಂದ ಅಲ್ಲಿ ಕಾಗದದ ಚೂರು ಬಿಸಾಡಬಾರದೆಂದೂ ಹೇಳಿದೆನು.